ಮಾಣಿಯ ಎದೆಯ ಗಂಟು, ನಿನ್ನ ಗಾಬರಿ

ಶಿರಸಿ

ಪ್ರೀತಿಯ ಕೂಸೇ,

ಮೊನ್ನೆ ಆಯಿಗೆ ಫೋನ್ ಮಾಡಿ ಬಹಳ ಹೊತ್ತು ಮಾತಾಡಿದೆಯಂತೆ. ಮಾಣಿಯ ಎದೆಯಲ್ಲಿ ಗಂಟು ಹಾಗೇ ಉಳಿದಿದೆ, ಉಬ್ಬಿದ ಎದೆ ಇಳಿಸಲು ಮಾಡಿದ ಆಪರೇಷನ್ ಸರಿಯಾಗಿಲ್ಲ, ಬೆಂಗಳೂರಿನಲ್ಲಿ ಬೇರೆ ಡಾಕ್ಟರಿಗೆ ತೋರಿಸೋಣ ಎಂದೆಯಂತೆ. ಅವಳಿಗೆ ರಾತ್ರಿಯಿಡೀ ನಿದ್ದೆ ಇಲ್ಲ. ನಾನೇ ಫೋನ್ ಮಾಡಿದರೆ ಅರ್ಧದಲ್ಲೇ ಜಗಳ ಆಗುತ್ತದೆ, ನಮ್ಮಿಬ್ಬರ ಸ್ವಭಾವ ಗೊತ್ತಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಪೂರ್ತಿ ಓದು. ಆಮೇಲೆ ಬೈಯುವುದಿದ್ದರೆ ಬೈ.

ಆಪರೇಷನ್ ಸರಿಯಾಗೇ ಆಗಿದೆ. ಗಂಟು ಇರುವುದೂ ನಿಜ. ತಿಂಗಳು ದಾಟಿದ ಈ ಹೊತ್ತಿಗೆ ಅದು ಇರುವುದೇ ಸಹಜ.

ಮಾಣಿಗೆ ಇದ್ದದ್ದು ಬರೀ ಕೊಬ್ಬಲ್ಲ. ಹರೆಯ ಬರುವಾಗ ಹಾರ್ಮೋನು ಏರುಪೇರಾಗಿ ಹುಡುಗರಿಗೆ ಎದೆ ಉಬ್ಬುವುದು ತೀರಾ ಮಾಮೂಲು. ಹೆಚ್ಚಿನವರಿಗೆ ಆರು ತಿಂಗಳಿಂದ ಎರಡು ವರ್ಷದೊಳಗೆ ತಾನಾಗೇ ಇಳಿಯುತ್ತದೆ. ಇವನಿಗೆ ಇಳಿಯಲಿಲ್ಲ. ತೊಟ್ಟಿನ ಹಿಂದೆ ಗ್ರಂಥಿ ಗಟ್ಟಿಯಾಗಿ ಕೂತುಬಿಟ್ಟಿತು. ಅದಕ್ಕೆ ಗೈನೆಕೊಮಾಸ್ಟಿಯಾ ಅಂತಾರೆ. ಥೈರಾಯ್ಡ್, ಲಿವರ್, ಹಾರ್ಮೋನು ಎಲ್ಲ ಪರೀಕ್ಷೆ ಮಾಡಿಸಿದ್ದೆವು, ಏನೂ ದೋಷ ಇರಲಿಲ್ಲ. ಓಡಿದರೆ, ಊಟ ಕಡಿಮೆ ಮಾಡಿದರೆ ಕೊಬ್ಬು ಕರಗೀತು, ಗ್ರಂಥಿ ಕರಗುವುದಿಲ್ಲ. ನಮ್ಮ ಔಷಧಿ ಅಂಗಡಿಗೂ ಆಗಾಗ ಇಂಥ ಹುಡುಗರು ಬರುತ್ತಾರೆ. ಬೇರೆ ಗಿರಾಕಿ ಹೋಗುವವರೆಗೆ ಸುಮ್ನೆ ಪೇಸ್ಟು, ಬ್ರಶ್ಶು ನೋಡುತ್ತ ನಿಲ್ಲುತ್ತಾರೆ. ಆಮೇಲೆ "ಎದೆ ಕರಗಿಸೋ ಕ್ರೀಮು ಇದೆಯಾ?" ಅಂತ ಪಿಸುಗುಟ್ಟುತ್ತಾರೆ. ಅಂಥದ್ದು ಯಾವುದೂ ಇಲ್ಲ, ಡಾಕ್ಟರಿಗೆ ತೋರಿಸು ಅಂತ ಕಳಿಸುತ್ತೇನೆ. ಕೆಲವರು ಜಿಮ್ಮಿನಲ್ಲಿ ಸ್ಟೀರಾಯ್ಡ್ ಚುಚ್ಚಿಸಿಕೊಂಡು ತಾವಾಗೇ ತಂದುಕೊಂಡವರು. ಅವರಿಗೆ ಎರಡು ಮಾತು ಜಾಸ್ತಿ ಬೀಳುತ್ತದೆ.

ವಿಮೆಯವರು ಇದು ಚಂದಕ್ಕೆ ಮಾಡಿಸುವ ಆಪರೇಷನ್ ಅಂತ ಕೈ ಎತ್ತಿದರು. ಚಂದಕ್ಕಂತೆ! ಏಪ್ರಿಲ್ ಸೆಕೆಯಲ್ಲೂ ಅಂಗಿಯ ಒಳಗೆ ಎರಡು ಬನಿಯನ್ ಹಾಕುತ್ತಿದ್ದ ಹುಡುಗ ಅವನು. ಗೋಕರ್ಣಕ್ಕೆ ಹೋದಾಗ ಮಹಾಬಲೇಶ್ವರನ ಗುಡಿಯಲ್ಲಿ ಅಂಗಿ ತೆಗೆಯಬೇಕಲ್ಲ, ಅದಕ್ಕೇ "ಚಪ್ಪಲಿ ಕಾಯ್ತೇನೆ" ಅಂತ ಹೊರಗೇ ಕೂತಿದ್ದ. ನಿನಗೂ ನೆನಪಿರಬೇಕು.

ಇರಲಿ, ಗಂಟಿನ ವಿಷಯಕ್ಕೆ ಬರುತ್ತೇನೆ. ಹುಬ್ಬಳ್ಳಿಯಲ್ಲಿ ಮೊದಲು ಸಣ್ಣ ನಳಿಗೆ ಹಾಕಿ ಕೊಬ್ಬು ಹೀರಿ ತೆಗೆದರು, ಅದು ಲೈಪೋಸಕ್ಷನ್. ಆಮೇಲೆ ತೊಟ್ಟಿನ ಸುತ್ತ ಕಪ್ಪಗಿರುವ ಭಾಗದ ಕೆಳ ಅಂಚಿನಲ್ಲಿ ಕೊಯ್ದು ಗ್ರಂಥಿ ತೆಗೆದರು. ಅದನ್ನು ಒಂದಿಷ್ಟೂ ಬಿಡದೆ ಕೆರೆಯುವುದಿಲ್ಲ. ಕೆರೆದರೆ ತೊಟ್ಟು ಒಳಗೆ ಕುಸಿದು ಗುಳಿ ಬೀಳುತ್ತದೆ. ಅದಕ್ಕೆ ಹಿಂದೆ ತೆಳ್ಳಗೆ ಸ್ವಲ್ಪ ಬೇಕೆಂದೇ ಉಳಿಸುತ್ತಾರೆ. ಇನ್ನು, ಒಳಗೆ ಖಾಲಿಯಾದ ಜಾಗವನ್ನು ದೇಹ ಹಾಗೇ ಬಿಡುವುದಿಲ್ಲ. ಚರ್ಮದ ಮೇಲೆ ಗಾಯ ಮಾಯುವಾಗ ದಪ್ಪ ಕಲೆ ಏಳುತ್ತದಲ್ಲ, ಒಳಗೂ ಅದೇ ಆಗುತ್ತದೆ. ಎರಡು ಮೂರು ವಾರ ಆದ ಮೇಲೆ ಅದು ಗಟ್ಟಿಯಾಗಲು ಶುರು. ಒಂದು, ಒಂದೂವರೆ ತಿಂಗಳಿಗೆ ತೀರಾ ಗಟ್ಟಿ. ಮೂರು ತಿಂಗಳಿಗೆ ಮೆತ್ತಗಾಗುತ್ತ ಬರುತ್ತದೆ. ಆರು ತಿಂಗಳಿಗೆ ಎದೆಗೆ ಒಂದು ಆಕಾರ ಬರುತ್ತದೆ. ಕಲೆ ಪೂರಾ ಮಾಗಲು ಒಂದು ವರ್ಷವೂ ಬೇಕಾಗಬಹುದು. ಅಂದರೆ ನೀನು ಗಾಬರಿಯಾಗಿರುವುದು ಗಂಟು ಅತಿ ಗಟ್ಟಿ ಇರುವ ಹೊತ್ತಿನಲ್ಲಿ.

ಎಡಗಡೆ ಒಂದು ಅಡಿಕೆಯಷ್ಟು ಸಿಗುತ್ತದೆ, ಬಲಗಡೆ ಅಷ್ಟಿಲ್ಲ. ಎರಡೂ ಕಡೆ ಒಂದೇ ಲೆಕ್ಕದಲ್ಲಿ ಮಾಯುವುದಿಲ್ಲ. ತೊಟ್ಟಿನ ಸುತ್ತ ಇನ್ನೂ ಜೋಮು, ಮುಟ್ಟಿದ್ದು ಸರಿಯಾಗಿ ಗೊತ್ತಾಗುವುದಿಲ್ಲ ಅನ್ನುತ್ತಾನೆ. ನರಗಳಿಗೆ ತಿಂಗಳುಗಟ್ಟಲೆ ಹಿಡಿಯುತ್ತದೆ. ಇಷ್ಟು ಬೇಗ ಇನ್ನೊಂದು ಆಪರೇಷನ್ ಮಾತು ಯಾರೂ ಎತ್ತುವುದಿಲ್ಲ. ಕಲೆ ಮೆತ್ತಗಾದ ಮೇಲೂ ಏನಾದರೂ ಉಳಿದರೆ ಆಗ ನೋಡೋಣ.

ನಾನೇನು ಕಣ್ಣುಮುಚ್ಚಿ ಕೂತಿಲ್ಲ. ಮೊದಲ ದಿನ ಒಂದೇ ಕಡೆ ಬಿರ್ರನೆ ಊದಿ ನೋವು ಏರಿದರೆ ಒಳಗೆ ರಕ್ತ ಕಟ್ಟಿದೆ ಅಂತ ಅರ್ಥ. ಆ ರಾತ್ರಿ ಆಸ್ಪತ್ರೆಯಲ್ಲಿ ನಾನು ಮಲಗಲೇ ಇಲ್ಲ, ಹಾಗೇನೂ ಆಗಲಿಲ್ಲ. ಆಮೇಲೆ ನೀರು ತುಂಬಿಕೊಳ್ಳುವುದುಂಟು. ಅದು ಗಟ್ಟಿ ಇರುವುದಿಲ್ಲ, ಒತ್ತಿದರೆ ಒಳಗೆ ಜರುಗುತ್ತದೆ. ಡಾಕ್ಟರು ಸೂಜಿಯಲ್ಲಿ ಎಳೆದು ತೆಗೆಯುತ್ತಾರೆ. ಇವನಿಗೆ ಆ ನೀರು ಹೊರಹೋಗಲು ಇಟ್ಟಿದ್ದ ನಳಿಗೆ, ಡ್ರೈನ್, ತೆಗೆದ ಮೇಲೆ ಅದೂ ಆಗಿಲ್ಲ. ಈಗಲೂ ಜ್ವರ ಬಂದರೆ, ಎದೆ ಕೆಂಪಾಗಿ ಬಿಸಿಯಾದರೆ, ಕೀವು ಸೋರಿದರೆ, ಗಂಟು ಇಳಿಯುವ ಬದಲು ದಿನೇ ದಿನೇ ಬೆಳೆದರೆ ಆ ದಿನವೇ ಕಾರು ಹತ್ತುತ್ತೇವೆ. ಹೀಗೆ ಓಡುವುದು ನಮ್ಮ ಜಿಲ್ಲೆಯವರಿಗೆ ಅಭ್ಯಾಸವೇ ಬಿಡು. ಘಟ್ಟದ ಮೇಲಿನವರು ಹುಬ್ಬಳ್ಳಿಗೆ, ಕೆಳಗಿನವರು ಮಂಗಳೂರು, ಮಣಿಪಾಲ, ಗೋವಾಕ್ಕೆ. ಆಪರೇಷನ್ ಮುಗಿಸಿ ವಾಪಸ್ ಬರುವಾಗ ಹೊಂಡ ಬಂದಾಗಲೆಲ್ಲ ಅವನು ತಲೆದಿಂಬನ್ನು ಎದೆಗೆ ಒತ್ತಿಕೊಳ್ಳುತ್ತಿದ್ದ.

ಕ್ಯಾನ್ಸರ್ ಅಂತ ಆಯಿಯ ತಲೆಗೆ ಹುಳ ಬಿಟ್ಟವಳೂ ನೀನೇ ಅಲ್ವಾ? ತೆಗೆದ ಗ್ರಂಥಿಯನ್ನು ಬಯಾಪ್ಸಿಗೆ ಕಳಿಸಿದ್ದರು. ರಿಪೋರ್ಟ್ ಬಂದಿದೆ, ಏನೂ ಇಲ್ಲ. ಸ್ತನ ಕ್ಯಾನ್ಸರ್ ಆಗುವ ನೂರು ಜನರಲ್ಲಿ ಗಂಡಸು ಒಬ್ಬ ಸಿಗುವುದೂ ಕಷ್ಟ, ಅವರೂ ಹೆಚ್ಚಾಗಿ ವಯಸ್ಸಾದವರು.

ಈಗಿನ ನಿಜವಾದ ಕಿರಿಕಿರಿ ಎದೆಯನ್ನು ಒತ್ತಿ ಹಿಡಿಯಲು ಹಾಕುವ ಆ ಬಿಗಿ ವೆಸ್ಟು. ಆರು ವಾರ ಹಗಲು ರಾತ್ರಿ ಹಾಕಬೇಕು, ಸ್ನಾನಕ್ಕೆ ಮಾತ್ರ ಬಿಚ್ಚಬಹುದು. ಇರುವುದು ಎರಡು. ಶಿರಸಿಯ ಈ ಮಳೆಯಲ್ಲಿ ಒಗೆದದ್ದು ಒಣಗುತ್ತದಾ? ಬಚ್ಚಲ ಒಲೆಯ ಮೇಲೆ ಹಗ್ಗ ಕಟ್ಟಿ ಒಣಗಿಸುತ್ತೇವೆ, ಹೊಗೆ ವಾಸನೆ ಹೊಡೆಯುತ್ತದೆ. ಬೆನ್ನ ಕಡೆ ಅವನ ಕೈ ಎಟುಕುವುದಿಲ್ಲ, ನಾನೇ ಎಳೆದು ಸರಿ ಮಾಡುತ್ತೇನೆ. ಒಂದು ಮಡಿಕೆ ಉಳಿದರೂ ಬೆಳಿಗ್ಗೆ ಎದೆಗೆ ಅಡ್ಡಗೆರೆ ಬಿದ್ದಿರುತ್ತದೆ. ಮೊದಲು ನೇರಳೆ ಬಣ್ಣಕ್ಕೆ ಕಂದಿದ್ದ ಚರ್ಮ ಆಮೇಲೆ ಹಸಿರು, ಹಳದಿಯಾಗಿ ಹೊಟ್ಟೆಯವರೆಗೂ ಇಳಿದು ಹೋಯಿತು. ಆಯಿ ಅದನ್ನು ಕಾಮಾಲೆ ಎಂದುಕೊಂಡಿದ್ದಳು.

ಅತ್ತೆ ಬಂದು ಬದನೆ ನಂಜು, ಹಲಸು ನಂಜು ಅಂತ ಹೇಳಿ ಹೋದ ಮೇಲೆ ಅಡುಗೆಮನೆಯಿಂದ ಅವೆರಡೂ ಮಾಯ. ಡಾಕ್ಟರು ಯಾವ ಪಥ್ಯವನ್ನೂ ಹೇಳಿಲ್ಲ. ನಾನು ವಾದಕ್ಕೆ ಹೋಗಲಿಲ್ಲ, ಬೇಳೆ, ಹಾಲು ಜಾಸ್ತಿ ಹಾಕು ಎಂದೆ ಅಷ್ಟೆ. ಅವನ ಎಲೆಯಡಿಕೆ ಕವಳದ ತಂಬಾಕು ಮಾತ್ರ ಪಟ್ಟು ಹಿಡಿದು ಬಿಡಿಸಿದೆ. ನಿಕೋಟಿನ್ ರಕ್ತನಾಳ ಬಿಗಿ ಮಾಡುತ್ತದೆ, ಗಾಯ ಮಾಯುವುದೇ ನಿಧಾನವಾಗುತ್ತದೆ. ತೋಟಕ್ಕೆ ಕೊಳೆರೋಗದ ಬೋರ್ಡೋ ಔಷಧಿ ಹೊಡೆಯುವ ಕಾಲ, ಕೊಡ ಎತ್ತಿಕೊಡ್ತೇನೆ ಅಂತ ಬಂದ. ಭಾರ ಎತ್ತಬೇಡ ಅಂತ ಓಡಿಸಿದೆ. ನಡೆಯಲಿ, ಅಂಗಡಿಯಲ್ಲಿ ಕೂರಲಿ, ಸಾಕು.

ನಿನ್ನಿಂದ ಆಗಬೇಕಾದದ್ದು ಒಂದಿದೆ. ದಿನಾ ಫೋಟೋ ಕೇಳಬೇಡ. ನೀನು ಕೇಳಿದಾಗಲೆಲ್ಲ ಅವನು ಕನ್ನಡಿ ಮುಂದೆ ನಿಂತು ಗಂಟನ್ನು ಹೆಬ್ಬೆರಳಲ್ಲಿ ಒತ್ತಿ ನೋಡುತ್ತಾನೆ. ಒತ್ತಿ ಒತ್ತಿ ಅಲ್ಲಿ ನೋವು ಬಂದಿದೆ. ಡಾಕ್ಟರು ತಿಕ್ಕಲು ಹೇಳಿದ್ದಾರೆ, ಆದರೆ ಬೆರಳು ಚಪ್ಪಟೆ ಇಟ್ಟು, ಎಣ್ಣೆ ಸವರಿ, ಮೆಲ್ಲಗೆ ಸುತ್ತಿ ಸುತ್ತಿ, ದಿನಕ್ಕೆ ಎರಡು ಸಲ ಐದು ನಿಮಿಷ. ಅದನ್ನು ಮಾಡುತ್ತಿದ್ದಾನೆ. ಫೋಟೋ ತಿಂಗಳಿಗೊಂದು ಸಾಕು. ದಿನಾ ನೋಡಿದರೆ ವ್ಯತ್ಯಾಸ ಯಾರಿಗೂ ಕಾಣುವುದಿಲ್ಲ. ಫೋನ್ ಮಾಡಿದಾಗ ಕ್ರಿಕೆಟ್ ಮಾತಾಡು, ನಿನ್ನ ಆಫೀಸಿನವರನ್ನು ಬೈ.

ಚೌತಿ ಹೊತ್ತಿಗೆ ಮೂರು ತಿಂಗಳು ಆಗುತ್ತದೆ, ಹುಬ್ಬಳ್ಳಿಗೆ ತೋರಿಸಲು ಹೋಗಬೇಕು. ರಜೆ ಎರಡು ದಿನ ಜಾಸ್ತಿ ಹಾಕಿ ಬಾ, ನಿನ್ನ ಪ್ರಶ್ನೆಗಳನ್ನೆಲ್ಲ ಡಾಕ್ಟರಿಗೇ ಕೇಳು. ಆನ್‌ಲೈನಿನಲ್ಲಿ ನೋಡಿದ ಆ ಕಲೆಯ ಸಿಲಿಕೋನ್ ಜೆಲ್ ಮಾತ್ರ ಕಳಿಸಬೇಡ. ನಿನ್ನಪ್ಪ ಇಟ್ಟಿರುವುದು ಔಷಧಿ ಅಂಗಡಿ.

ನಿನ್ನ
ಅಪ್ಪ