ಬೆಟ್ಟ ಹತ್ತುವವರು ಡಬ್ಬವನ್ನೂ ಹೊರಲಿ

ಸಂಪಾದಕರಿಗೆ ನಮಸ್ಕಾರ.

ನಮ್ಮ ಚಿಕ್ಕಬಳ್ಳಾಪುರದ ಸುತ್ತಿನ ಬೆಟ್ಟಗಳಿಗೆ ಇನ್ನೂ ಜಾಸ್ತಿ ಜನ ಬರಬೇಕು, ಟ್ರೆಕ್ಕಿಂಗ್ ಬೆಳೆಯಬೇಕು, ಹೋಟೆಲುಗಳಾಗಬೇಕು ಅಂತ ಆಗಾಗ ಪತ್ರಿಕೆಗಳಲ್ಲಿ ಓದುತ್ತಿರುತ್ತೇನೆ. ಬರಲಿ, ಬೇಡ ಅನ್ನುವುದಿಲ್ಲ. ಆದರೆ ಬಂದವರು ಎರಡಕ್ಕೆ ಎಲ್ಲಿ ಹೋಗಬೇಕು ಅಂತ ಒಬ್ಬರಾದರೂ ಬರೆದಿದ್ದನ್ನು ನಾನು ಕಾಣೆ. ಅದಕ್ಕೇ ಈ ಪತ್ರ. ತಿಂಡಿ ತಿನ್ನುತ್ತಾ ಪೇಪರ್ ಓದುವ ಅಭ್ಯಾಸ ಇರುವವರು ದಯವಿಟ್ಟು ತಿಂಡಿ ಮುಗಿಸಿಕೊಂಡು ಮುಂದೆ ಓದಿ.

ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಪಾಠ ಮಾಡಿ ನಿವೃತ್ತಳಾದವಳು. ಮಗಳು, ಅಳಿಯ ಅಮೆರಿಕದ ಅರಿಜೋನಾದಲ್ಲಿದ್ದಾರೆ. ಕೋವಿಡ್ ಗಲಾಟೆ ಮುಗಿದ ಮೇಲೆ ಒಂದು ಸೆಪ್ಟೆಂಬರಿನಲ್ಲಿ ನಾನು, ನಮ್ಮ ಯಜಮಾನರು, ಮಗಳು, ಅಳಿಯ, ಹನ್ನೆರಡು ವರ್ಷದ ಮೊಮ್ಮಗ, ಹೀಗೆ ಐದು ಜನ ಗ್ರ್ಯಾಂಡ್ ಕ್ಯಾನ್ಯನ್ ಒಳಗೆ ಕೊಲರಾಡೊ ನದಿಯ ಮೇಲೆ ಆರು ದಿನ ರಬ್ಬರ್ ದೋಣಿಯಲ್ಲಿ ಹೋಗಿ ಬಂದೆವು. ಮಗಳು ಒಂದು ವರ್ಷ ಮುಂಚೆಯೇ ಬುಕ್ ಮಾಡಿದ್ದಳು. ನನಗೆ ಹೇಳಿದ್ದು ಮಾತ್ರ ವಿಮಾನದ ಟಿಕೆಟ್ ತೆಗೆದ ಮೇಲೆ. ಮೊದಲೇ ಹೇಳಿದ್ದರೆ ನಾನು ಮಂಡಿನೋವಿನ ನೆಪ ಹೇಳುತ್ತಿದ್ದೆ ಅಂತ ಅವಳಿಗೆ ಗೊತ್ತು.

446 ಕಿಲೋಮೀಟರ್ ಉದ್ದದ ಕಣಿವೆ ಅದು, ಕೆಲವು ಕಡೆ 29 ಕಿಲೋಮೀಟರ್ ಅಗಲ, ಒಂದೂವರೆ ಕಿಲೋಮೀಟರಿಗೂ ಜಾಸ್ತಿ ಆಳ. ಮೇಲೆ ಅಂಚಿನಲ್ಲಿ ನಿಂತು ಫೋಟೊ ಹೊಡೆಸಿಕೊಂಡು ಹೋಗುವವರೇ ಹೆಚ್ಚು. ನಾವು ಲೀಸ್ ಫೆರಿ ಅನ್ನುವ ಕಡೆ ದೋಣಿ ಹತ್ತಿ, 88 ಮೈಲಿ, ಅಂದರೆ ಸುಮಾರು 141 ಕಿಲೋಮೀಟರ್ ನೀರಿನ ಮೇಲೆ ಹೋಗಿ, ಕಣಿವೆಯ ತಳದಲ್ಲಿರುವ ಫ್ಯಾಂಟಮ್ ರಾಂಚ್ ಅನ್ನುವ ತಂಗುದಾಣದ ಹತ್ತಿರ ಇಳಿದು, ಅಲ್ಲಿಂದ ನಡೆದು ಮೇಲೆ ಹತ್ತಿದೆವು. ಸುತ್ತ ಮರುಭೂಮಿ. ನಮ್ಮ ಜಿಲ್ಲೆಗೆ ಬೀಳುವ ಮಳೆಯ ಹೆಚ್ಚು ಕಡಿಮೆ ಮೂರರಲ್ಲೊಂದು ಪಾಲು ಕಣಿವೆಯ ತಳಕ್ಕೆ ಬಿದ್ದರೆ ಅದೇ ದೊಡ್ಡದು. ನೆರಳಿಲ್ಲದ ಕಡೆ ಬಂಡೆ ಮುಟ್ಟಿದರೆ ಕಾದ ಹೆಂಚು. ಆದರೆ ನದಿಗೆ ಕೈ ಇಟ್ಟರೆ ಐಸು! ಮೇಲುಗಡೆ ಗ್ಲೆನ್ ಕ್ಯಾನ್ಯನ್ ಅಣೆಕಟ್ಟಿದೆ, ಅದರ ಆಳದಿಂದ ಬಿಡುವ ನೀರು ತಣ್ಣಗಿರುತ್ತದೆ. ಕರೆಂಟಿನ ಬೇಡಿಕೆ ನೋಡಿಕೊಂಡು ನೀರು ಬಿಡುವುದರಿಂದ ದಿನದಲ್ಲೇ ಏರಿಳಿಯುತ್ತದೆ. ರಾತ್ರಿ ನೀರಿನಲ್ಲಿ ಕಟ್ಟಿದ ದೋಣಿ ಬೆಳಿಗ್ಗೆ ಒಣ ಮರಳಿನ ಮೇಲೆ ಕೂತಿರುವುದನ್ನು ಕಣ್ಣಾರೆ ನೋಡಿದೆ.

ಈಗ ಡಬ್ಬದ ವಿಷಯ.

ಮೊದಲನೆಯ ಸಂಜೆ ಮರಳ ದಂಡೆಯಲ್ಲಿ ಇಳಿದ ಕೂಡಲೇ ದೋಣಿ ನಡೆಸುವ ಹುಡುಗಿ ಎಲ್ಲರನ್ನೂ ಕೂರಿಸಿಕೊಂಡು, ಮುಖದಲ್ಲಿ ಸ್ವಲ್ಪವೂ ಸಂಕೋಚ ಇಲ್ಲದೆ, ಕಕ್ಕಸಿನ ಪಾಠ ಮಾಡಿದಳು. ಮಿಲಿಟರಿಯವರು ಮದ್ದುಗುಂಡು ಇಡುವಂಥ ಕಬ್ಬಿಣದ ಪೆಟ್ಟಿಗೆ, ಮೇಲೆ ಕೂರುವ ಸೀಟು. ಮೊದಲಿನ ಕಾಲದಲ್ಲಿ ಸೀಟು ಇರಲಿಲ್ಲವಂತೆ, ಪೆಟ್ಟಿಗೆಯ ಅಂಚಿನ ಮೇಲೇ ಕೂತು ಎದ್ದರೆ ತೊಡೆಯ ಮೇಲೆ ಎರಡು ಗೀರು ಮೂಡುತ್ತಿತ್ತು, ಗೀರಿಗೆ ಇಂಗ್ಲಿಷಿನಲ್ಲಿ ಗ್ರೂವ್, ಅದರಿಂದ ಪೆಟ್ಟಿಗೆಗೆ ಗ್ರೂವರ್ ಅಂತಲೇ ಹೆಸರು ಬಿದ್ದಿದೆ. ಎಲ್ಲರ ಕಣ್ಣಿಂದ ದೂರ, ಪೊದೆಯ ಮರೆಗೆ, ಆದರೆ ನದಿ ಚೆನ್ನಾಗಿ ಕಾಣುವ ಜಾಗ ಹುಡುಕಿ ಇಡುತ್ತಾರೆ. ಅಷ್ಟು ಒಳ್ಳೆಯ ನೋಟ ಇರುವ ಕಕ್ಕಸು ನಾನು ಜನ್ಮದಲ್ಲಿ ಕಂಡಿರಲಿಲ್ಲ. ಬಾಗಿಲಿಲ್ಲ ಅಲ್ವಾ, ಅದಕ್ಕೆ ಕಾಲುದಾರಿಯ ಶುರುವಿನಲ್ಲಿ ಪೇಪರ್ ರೋಲಿನ ಡಬ್ಬಿ ಇಟ್ಟಿರುತ್ತಾರೆ. ಡಬ್ಬಿ ಅಲ್ಲೇ ಇದ್ದರೆ ಜಾಗ ಖಾಲಿ. ಇಲ್ಲದಿದ್ದರೆ ಒಳಗೆ ಯಾರೋ ಇದ್ದಾರೆ, ಸುಮ್ನೆ ನಿಂತಿರಿ. ಇನ್ನು ಒಂದಕ್ಕೆ ಬಂದರೆ ಅದು ನೇರ ನದಿಗೇ. ಹೆಂಗಸರು ಹರಿವಿನ ಮೇಲುಗಡೆ, ಗಂಡಸರು ಕೆಳಗಡೆ. ನನಗೆ ಮೊದಲು ಅಸಹ್ಯವಾಯಿತು, ನದಿಗೆ ಹೀಗೆ ಮಾಡಬಹುದೇ ಅಂತ. ಆಮೇಲೆ ಅರ್ಥವಾಯಿತು. ಮಳೆ ಇಲ್ಲದ ಕಡೆ ಮರಳಿನ ಮೇಲೆ ಹೋದರೆ ಅದು ತೊಳೆದು ಹೋಗುವುದೇ ಇಲ್ಲ, ನಾರುತ್ತಾ ಇರುತ್ತದೆ. ಅಷ್ಟು ದೊಡ್ಡ ಹರಿವಿನಲ್ಲಾದರೆ ಕಾಣದಂತೆ ಬೆರೆತು ಹೋಗುತ್ತದೆ.

ಪೆಟ್ಟಿಗೆ ಮಾತ್ರ ಬೆಳಿಗ್ಗೆ ಮುಚ್ಚಳ ಬಿಗಿದು ದೋಣಿ ಹತ್ತುತ್ತದೆ. ನಮ್ಮ ಅಕ್ಕಿ ಬೇಳೆ, ಹಾಸಿಗೆ, ಬಟ್ಟೆ ಇರುವ ದೋಣಿಯಲ್ಲೇ ನಮ್ಮದೂ ಬರುತ್ತದೆ. ನಾವು 88ನೇ ಮೈಲಿಯಲ್ಲಿ ಇಳಿದೆವು, ಅದು ಇಳಿಯಲಿಲ್ಲ. ದೋಣಿ ಇನ್ನೂ ನೂರಾರು ಕಿಲೋಮೀಟರ್ ಹೋಗಿ ಲಾರಿ ಬರುವಂಥ ಜಾಗ ಸಿಗುವ ತನಕ ನಮ್ಮ ಐದು ಜನರದ್ದನ್ನೂ ಹೊತ್ತುಕೊಂಡು ಹೋಯಿತು. ಈ ಮಾತು ಹೇಳಿದರೆ ನಮ್ಮ ನಾದಿನಿ ಒಂದು ವಾರ ನಮ್ಮ ಮನೆಗೆ ಊಟಕ್ಕೆ ಬರಲಿಲ್ಲ.

ಬರೀ ಅದಷ್ಟೇ ಅಲ್ಲ. ಅಡುಗೆ ಮಾಡುವ ಕಡೆ ಕೆಳಗೆ ದಪ್ಪ ಬಟ್ಟೆ ಹಾಸುತ್ತಾರೆ, ಬಿದ್ದ ತುಣುಕು ಇರುವೆಗೂ ಕಾಗೆಗೂ ಸಿಗಬಾರದು. ಅಲ್ಲಿನ ಕಾಗೆಗಳು ನಮ್ಮವಕ್ಕಿಂತ ದೊಡ್ಡವು, ಬ್ಯಾಗಿನ ಜಿಪ್ ಎಳೆದು ತೆಗೆಯುವಷ್ಟು ಘಾಟಿ. ಪಾತ್ರೆ ತೊಳೆದ ನೀರನ್ನು ಜರಡಿಯಲ್ಲಿ ಸೋಸಿ, ಸಿಕ್ಕ ಅಗುಳನ್ನು ಕಸದ ಚೀಲಕ್ಕೆ ಹಾಕಿ, ನೀರನ್ನು ಮಾತ್ರ ನದಿಗೆ ಚೆಲ್ಲುತ್ತಾರೆ. ಸೋಸುವ ಕೆಲಸ ನಮ್ಮ ಮೊಮ್ಮಗನದ್ದು. ಮನೆಯಲ್ಲಿ ಉಂಡ ತಟ್ಟೆ ಎತ್ತದ ಹುಡುಗ ಅಲ್ಲಿ ಒಂದೊಂದು ಅನ್ನದ ಅಗುಳು ಎಣಿಸುತ್ತಿದ್ದ.

ಅಲ್ಲಿಯವರು ಹುಟ್ಟಾ ಒಳ್ಳೆಯವರು, ನಾವು ಕೆಟ್ಟವರು ಅಂತ ನಾನು ಹೇಳುತ್ತಿಲ್ಲ, ಆ ಮಾತು ನನಗೆ ಹಿಡಿಸುವುದೂ ಇಲ್ಲ. ಅವರೂ ಮೊದಲು ಮರಳಿನಲ್ಲಿ ಹೂಳುತ್ತಿದ್ದವರೇ. 1960ರ ದಶಕದ ಮಧ್ಯದಲ್ಲಿ ವರ್ಷಕ್ಕೆ ಕೆಲವೇ ನೂರು ಜನ ದೋಣಿಯಲ್ಲಿ ಹೋಗುತ್ತಿದ್ದರು. 1972ರ ಹೊತ್ತಿಗೆ ಅದು ವರ್ಷಕ್ಕೆ 16 ಸಾವಿರ ದಾಟಿತು. ದಂಡೆಗಳು ಇರುವಷ್ಟೇ ಇವೆ, ಹೂಳುವವರು ಬೆಳೆಯುತ್ತಾ ಹೋದರು. ಅದರ ಮೇಲೆ 1963ರಲ್ಲಿ ಅಣೆಕಟ್ಟಿನ ಗೇಟು ಮುಚ್ಚಿದ ಮೇಲೆ ಮೊದಲಿನ ಹಾಗೆ ದೊಡ್ಡ ಪ್ರವಾಹ ಬಂದು ದಂಡೆ ತೊಳೆಯುವುದೂ, ಹೊಸ ಮರಳು ತಂದು ಹಾಕುವುದೂ ನಿಂತಿತು. ನಾರಲು ಶುರುವಾದ ಮೇಲೆಯೇ ಹೊತ್ತುಕೊಂಡು ಹೋಗಿ ಅನ್ನುವ ಕಾನೂನು ಬಂತು. ಈಗ ಸ್ವಂತ ದೋಣಿ ತರುವವರಿಗೆ ಲಾಟರಿ ಎತ್ತಿ ಪರ್ಮಿಟ್ ಕೊಡುತ್ತಾರೆ, ಹೊರಡುವ ಮುಂಚೆ ರೇಂಜರ್ ಬಂದು ಲೈಫ್ ಜಾಕೆಟ್ ಎಷ್ಟಿದೆ ನೋಡುವ ಹಾಗೆ ಕಕ್ಕಸಿನ ಡಬ್ಬ ಇದೆಯಾ ಅಂತಲೂ ನೋಡುತ್ತಾರೆ. ಆ ನದಿಯ ನೀರನ್ನು ನಂಬಿಕೊಂಡು ಸುಮಾರು 4 ಕೋಟಿ ಜನ ಇದ್ದಾರೆ.

ದೋಣಿಯ ಮೋಜಿನ ಬಗ್ಗೆ ಬರೆಯದಿದ್ದರೆ ಮೊಮ್ಮಗ ನನ್ನನ್ನು ಬಿಡುವುದಿಲ್ಲ, ಆದ್ದರಿಂದ ಎರಡು ಮಾತು. ಪಕ್ಕದ ಸಣ್ಣ ಕಣಿವೆಗಳಿಂದ ದಿಢೀರ್ ಮಳೆಗೆ ಬಂಡೆಗಳು ಉರುಳಿ ಬಂದು ನದಿಗೆ ಬೀಳುತ್ತವೆ, ನೀರು ಅಲ್ಲಿ ಇಕ್ಕಟ್ಟಾಗಿ ಧುಮುಕುತ್ತದೆ. ಆ ಧುಮುಕಿಗೆ ಅಲ್ಲಿ ಒಂದರಿಂದ ಹತ್ತರವರೆಗೆ ನಂಬರ್ ಕೊಡುತ್ತಾರೆ. 77ನೇ ಮೈಲಿಯ ಹ್ಯಾನ್ಸ್ ಅನ್ನುವ ಕಡೆ ನದಿ 30 ಅಡಿ ಇಳಿಯುತ್ತದೆ. ನಮ್ಮ ಯಜಮಾನರು ಹಗ್ಗ ಹಿಡಿದು ಕಣ್ಣು ಮುಚ್ಚಿ ವೆಂಕಟರಮಣಾ ಅಂದರು. ಕಣ್ಣು ಬಿಟ್ಟಾಗ ಕನ್ನಡಕ ಇರಲಿಲ್ಲ.

ಅಲ್ಲಿಂದ ಕೆಳಗೆ ಕಪ್ಪು ಬಂಡೆ ಶುರು, ಅದರ ಹೆಸರು ವಿಷ್ಣು ಶಿಸ್ಟ್. ಅಲ್ಲಿನ ಕೋಡುಗಲ್ಲುಗಳಿಗೂ ವಿಷ್ಣು, ಬ್ರಹ್ಮ, ಶಿವ ದೇವಸ್ಥಾನ ಅಂತ ಹತ್ತೊಂಬತ್ತನೇ ಶತಮಾನದಲ್ಲಿ ಭೂವಿಜ್ಞಾನಿಗಳು ಹೆಸರಿಟ್ಟರು. ಆ ಬಂಡೆ ಸುಮಾರು 170 ಕೋಟಿ ವರ್ಷದ್ದು ಅಂತ ಹುಡುಗಿ ಹೇಳಿದಾಗ ಎಲ್ಲರೂ ಹೌಹಾರಿದರು. ನಾನು ಬಿಡುತ್ತೇನೆಯೇ? ನಮ್ಮ ಪಕ್ಕದ ಕೋಲಾರದ ಚಿನ್ನದ ಗಣಿಯ ಶಿಲೆ ಸುಮಾರು 270 ಕೋಟಿ ವರ್ಷದ್ದು ಕಣಮ್ಮಾ ಅಂದೆ. "ಅಜ್ಜಿ, ಅಲ್ಲಿಗೆ ಯಾಕೆ ಯಾರೂ ಬರಲ್ಲ?" ಅಂತ ಮೊಮ್ಮಗ ಕೇಳಿದ. ಬರುತ್ತಾರಪ್ಪ, ಬಂದು ಬಾಟಲಿ ಬಿಟ್ಟು ಹೋಗುತ್ತಾರೆ ಅಂತ ಹೇಳಲು ಬಾಯಿಗೆ ಬಂತು, ನುಂಗಿಕೊಂಡೆ.

ಕೊನೆಯ ದಿನ ಹತ್ತಿದ್ದು ಬ್ರೈಟ್ ಏಂಜಲ್ ದಾರಿ. ಸುಮಾರು 16 ಕಿಲೋಮೀಟರ್, 1,300 ಮೀಟರಿಗೂ ಜಾಸ್ತಿ ಏರು. ನಂದಿಯನ್ನು ಬುಡದಿಂದ ತುದಿಗೆ ಎರಡು ಸಲ ಹತ್ತಿದರೂ ಇಷ್ಟಾಗುವುದಿಲ್ಲ. ಬೆಳಗಿನ ಜಾವ ನಾಲ್ಕಕ್ಕೆ ತಲೆಗೆ ಬ್ಯಾಟರಿ ಕಟ್ಟಿಕೊಂಡು ಹೊರಟೆವು. ಆ ಬಿಸಿಲಿನಲ್ಲಿ ಬರೀ ನೀರು ಕುಡಿದು ಏನೂ ತಿನ್ನದಿದ್ದರೆ ಮೈಯಲ್ಲಿ ಉಪ್ಪು ಇಳಿದು ತಲೆ ಸುತ್ತಿ ಬೀಳುತ್ತಾರೆ, ಉಪ್ಪಿನ ತಿಂಡಿ ತಿನ್ನುತ್ತಾ ಇರಿ ಅಂತ ಅಲ್ಲಿಯವರೇ ಹೇಳುತ್ತಾರೆ. ನಾನು ಊರಿಂದ ಕಟ್ಟಿಕೊಂಡು ಹೋಗಿದ್ದ ಕೋಡುಬಳೆಗೆ ಆವತ್ತು ಬಂದ ಬೆಲೆ ಯಾವ ಮದುವೆಯಲ್ಲೂ ಬಂದಿಲ್ಲ. ದಾರಿಯಲ್ಲಿ ಮೂರು ಕಡೆ ಕಕ್ಕಸು ಸಿಕ್ಕಿತು. ಕೆಳಗಿನ ರಾಂಚಿನ ಕಸವನ್ನು ಹೇಸರಗತ್ತೆಗಳು ಬೆನ್ನ ಮೇಲೆ ಹೊತ್ತು ಮೇಲೆ ತರುತ್ತವೆ. ಹನ್ನೊಂದು ಗಂಟೆ ಹಿಡಿಯಿತು ನನಗೆ. ಮಂಡಿ ಇನ್ನೂ ಆ ದಿನವನ್ನು ನೆನೆಸುತ್ತದೆ.

ಇಲ್ಲಿಗೆ ಬನ್ನಿ ಈಗ. ಮೊನ್ನೆ ಹಳೆಯ ವಿದ್ಯಾರ್ಥಿನಿಯರು ಒಂದಷ್ಟು ಜನ ಸೇರಿ ಟೀಚರ್ ನೀವೂ ಬನ್ನಿ ಅಂತ ನಮ್ಮ ಕಡೆಯ ಒಂದು ಬೆಟ್ಟಕ್ಕೆ ಕರೆದುಕೊಂಡು ಹೋದರು. ಯಾವ ಬೆಟ್ಟ ಅಂತ ಬರೆಯುವುದಿಲ್ಲ, ಒಂದನ್ನು ಹೆಸರಿಸಿದರೆ ಉಳಿದವು ಚೆನ್ನಾಗಿವೆ ಅಂದುಕೊಳ್ಳುತ್ತೀರಿ. ಟಿಕೆಟ್ ಕೊಟ್ಟವರನ್ನು ಟಾಯ್ಲೆಟ್ ಎಲ್ಲಿ ಅಂತ ಕೇಳಿದರೆ, "ಮೇಲೆ ದೊಡ್ಡ ಬಂಡೆ ಇದೆ, ಅದರ ಹಿಂದೆ ಹೋಗಿ ಅಮ್ಮಾ" ಅಂದರು. ಬಂಡೆಯ ಹಿಂದೆ ನನಗಿಂತ ಮುಂಚೆ ಊರೆಲ್ಲಾ ಹೋಗಿ ಬಂದಿತ್ತು. ಕಾಲಿಡಲು ಜಾಗ ಇರಲಿಲ್ಲ, ಮೇಲೆ ಟಿಶ್ಯೂ, ಬಾಟಲಿ, ಇನ್ನೂ ಏನೇನೋ. ಹುಡುಗಿಯರು ಬೆಳಿಗ್ಗೆಯಿಂದ ನೀರೇ ಕುಡಿದಿರಲಿಲ್ಲ, ಯಾಕೆಂದರೆ ಕುಡಿದರೆ ಹೋಗಬೇಕಲ್ಲ. ಬಿಸಿಲಿನಲ್ಲಿ ನೀರು ಕುಡಿಯದೆ ಬೆಟ್ಟ ಹತ್ತುವುದು, ಇದಕ್ಕೆ ನಾವು ಸಾಹಸ ಅಂತ ಕರೆಯುತ್ತೇವೆ. ಗಂಡಸರಿಗೆ ಈ ಲೆಕ್ಕ ಹೊಳೆಯುವುದೂ ಇಲ್ಲ.

ನಂದಿ ಸಾಲಿನಲ್ಲಿ ಪಾಲಾರ್, ಅರ್ಕಾವತಿ, ಎರಡೂ ಪಿನಾಕಿನಿಗಳು ಹುಟ್ಟುತ್ತವೆ ಅಂತ ಮೂವತ್ತು ವರ್ಷ ಬೋರ್ಡಿನ ಮೇಲೆ ಬರೆದಿದ್ದೇನೆ. ಉತ್ತರ ಪಿನಾಕಿನಿಯೇ ಆಂಧ್ರದಲ್ಲಿ ಪೆನ್ನಾರ್ ಆಗಿ ಗಂಡಿಕೋಟೆಯ ಹತ್ತಿರ ಬಂಡೆ ಕೊರೆದು ಕಣಿವೆ ಮಾಡಿದೆ, ಅದನ್ನೇ ಜನ ಭಾರತದ ಗ್ರ್ಯಾಂಡ್ ಕ್ಯಾನ್ಯನ್ ಅಂತ ನೋಡಲು ಹೋಗುತ್ತಾರೆ. ನದಿಗಳು ನಮ್ಮಲ್ಲಿ ಈಗ ಮಳೆ ಬಂದಾಗ ಮಾತ್ರ ಹರಿಯುತ್ತವೆ, ಆ ಸಂಕಟ ಬೇರೆ. ಆದರೆ ಬಂಡೆಯ ಹಿಂದೆ ಬಿಟ್ಟಿದ್ದು ಮೊದಲ ಮಳೆಗೆ ಎಲ್ಲಿಗೆ ಹೋಗುತ್ತದೆ? ಕೆಳಗಿನ ಕೆರೆಗೆ. ನಮ್ಮ ಕಡೆ ಹಿಂದಿನವರು ಎರಡಕ್ಕೆ ಹೋಗುವುದನ್ನು "ಕೆರೆ ಕಡೆ ಹೋಗಿ ಬರ್ತೀನಿ" ಅನ್ನುತ್ತಿದ್ದರು. ಬೆಟ್ಟಕ್ಕೆ ಹೋದವರೂ ಕೊನೆಗೆ ಕೆರೆ ಕಡೆಯೇ ಹೋದಂತಾಯಿತು.

ನಾನು ಕೇಳುವುದು ದೊಡ್ಡದಲ್ಲ. ಬುಡದಲ್ಲಿ ಒಂದು ಟಾಯ್ಲೆಟ್, ಅದಕ್ಕೆ ನೀರು, ಒಳಗಿನಿಂದ ಹಾಕಲು ಚಿಲಕ. ಕೆಲವು ಟ್ರೆಕ್ಕಿಂಗ್ ದಾರಿಗಳಿಗೆ ಆನ್‌ಲೈನ್ ಬುಕಿಂಗ್ ಹೇಗೂ ಇದೆ, ಟಿಕೆಟ್ ನೋಡುವವರೇ ತಂಡಕ್ಕೊಂದು ಮುಚ್ಚಳದ ಡಬ್ಬ, ಒಂದು ಕಸದ ಚೀಲ ಕೊಟ್ಟು ಠೇವಣಿ ಇಟ್ಟುಕೊಳ್ಳಲಿ, ಇಳಿದು ಬಂದು ಒಪ್ಪಿಸಿದರೆ ದುಡ್ಡು ವಾಪಸ್. ಇದೇನು ಆಗದ ಮಾತಲ್ಲ, ಪಕ್ಕದ ನೀಲಗಿರಿಯಲ್ಲಿ 2022ರಿಂದ ಮದ್ಯದ ಬಾಟಲಿಗೆ 10 ರೂಪಾಯಿ ಜಾಸ್ತಿ ತೆಗೆದುಕೊಂಡು ಖಾಲಿ ಬಾಟಲಿ ತಂದುಕೊಟ್ಟರೆ ವಾಪಸ್ ಕೊಡುತ್ತಾರೆ. ಕುಡಿದವರೇ ನೆನಪಿಟ್ಟುಕೊಂಡು ತರುತ್ತಾರೆ ಅಂದರೆ ಬೆಟ್ಟ ಹತ್ತುವವರಿಗೆ ಏನು ಕಷ್ಟ?

ತುಂಬಿದ ಡಬ್ಬ ಕೆಳಗೆ ತರುವವರು ಯಾರು ಅಂತ ಸಂಬಂಧಪಟ್ಟವರು ಕೇಳೇ ಕೇಳುತ್ತಾರೆ. ಮೊದಲ ಭಾನುವಾರ ನಾನು ತರುತ್ತೇನೆ, ಹೆಸರು ಬರೆದುಕೊಳ್ಳಲಿ. ಎರಡನೇ ಭಾನುವಾರಕ್ಕೆ ನಮ್ಮ ಯಜಮಾನರು. ಅವರಿಗೆ ಇನ್ನೂ ಹೇಳಿಲ್ಲ, ಪತ್ರ ಪ್ರಕಟವಾದರೆ ಓದಿಕೊಳ್ಳುತ್ತಾರೆ.

ಇಂತಿ,
ಒಬ್ಬ ನಿವೃತ್ತ ಶಿಕ್ಷಕಿ
ಚಿಕ್ಕಬಳ್ಳಾಪುರ