ಜೋರಿನ ನಾಯಿಯನ್ನು ಮನೆಗೆ ತರುವ ಗೆಳೆಯನಿಗೊಂದು ಪತ್ರ

ಉಡುಪಿ

ಪ್ರಿಯ ಹರೀಶ,

ಶೆಲ್ಟರಿನಲ್ಲಿ ನೋಡಿದ ಆ 3 ವರ್ಷದ ಹೆಣ್ಣುನಾಯಿಯನ್ನೇ ಬಜ್ಪೆಗೆ ತರುತ್ತೇನೆಂದು ಬರೆದಿದ್ದೀಯ. ಓದಿ ತುಂಬ ಖುಷಿಯಾಯಿತು ಮಾರಾಯ. ಮರಿಯೇ ಬೇಕೆನ್ನುವವರ ನಡುವೆ ದೊಡ್ಡ ನಾಯಿಗೆ, ಅದರಲ್ಲೂ ‘ತುಂಬ ಜೋರುಂಟು’ ಎನಿಸಿಕೊಂಡದ್ದಕ್ಕೆ, ಮನೆ ಸಿಗುವುದೇ ಕಷ್ಟ. ಆದರೆ ತರುವ ಮೊದಲು ಇದನ್ನು ನಿಧಾನವಾಗಿ ಓದು.

ಗೂಡಿನ ಬಾಗಿಲಿಗೆ ಹಾರಿ ಬೊಗಳುವುದನ್ನು ನೋಡಿ ಅದರ ಗುಣ ತೀರ್ಮಾನಿಸಬೇಡ. ಸುತ್ತ ಅಷ್ಟು ನಾಯಿಗಳು ಬೊಗಳುವಾಗ ಯಾವುದೂ ಸುಮ್ಮನೆ ಕೂರುವುದಿಲ್ಲ. ಇನ್ನೆರಡು ಸಲ ಹೋಗು, ಅಲ್ಲಿನವರನ್ನು ಕೇಳಿ ಅರ್ಧ ಗಂಟೆ ಹೊರಗೆ ನಡೆಸು. ಅದು ಎಷ್ಟು ಎಗರುತ್ತದೆ ಎನ್ನುವುದಕ್ಕಿಂತ, ಎಗರಿದ ಮೇಲೆ ಎಷ್ಟು ಬೇಗ ತಣ್ಣಗಾಗುತ್ತದೆ ಎಂದು ನೋಡು. ಬೈಕಿನ ಶಬ್ದಕ್ಕೆ ಬೆಚ್ಚಿ, ಒಂದೆರಡು ನಿಮಿಷದಲ್ಲಿ ಮತ್ತೆ ನೆಲ ಮೂಸಲು ಶುರು ಮಾಡಿದರೆ ಒಳ್ಳೆಯ ಲಕ್ಷಣ. ಕಾಲು ಗಂಟೆಯಾದರೂ ಬಾಲ ಹೊಟ್ಟೆಯಡಿ ಸೇರಿಸಿಕೊಂಡೇ ಇದ್ದರೆ, ಕೈಯಿಂದ ಕೊಟ್ಟ ತಿಂಡಿಯನ್ನೂ ಮುಟ್ಟದಿದ್ದರೆ, ಅದು ಜೋರಲ್ಲ, ಹೆದರಿಕೆ. ಅದಕ್ಕೆ ಬೇರೆ ತಾಳ್ಮೆ ಬೇಕು. ಯಾರನ್ನಾದರೂ ಕಚ್ಚಿದ್ದುಂಟಾ, ಬೆಕ್ಕು ಕೋಳಿ ಕಂಡರೆ ಏನು ಮಾಡುತ್ತದೆ, ಸಂತಾನಹರಣ ಆಗಿದೆಯಾ, ರೇಬೀಸ್ ಚುಚ್ಚುಮದ್ದು ಯಾವ ದಿನ ಹಾಕಿದ್ದು, ಇಷ್ಟನ್ನು ಕೇಳು. ಚುಚ್ಚುಮದ್ದಿನ ಪುಸ್ತಕ ಕೈಗೆ ತೆಗೆದುಕೊಂಡೇ ಬಾ. ನಮ್ಮ ಮಳೆಗಾಲಕ್ಕೆ ಇಲಿಜ್ವರದ ಚುಚ್ಚುಮದ್ದೂ ಮುಖ್ಯ, ಅದು ಅದರಲ್ಲಿ ಇದೆಯಾ ಎಂದು ಡಾಕ್ಟರಿಗೆ ತೋರಿಸು.

ಹೊಸ ನಾಯಿ ಕೈತಪ್ಪುವುದು ಹೆಚ್ಚಾಗಿ ಮೊದಲ ಕೆಲವು ದಿನಗಳಲ್ಲಿ. ಅದಕ್ಕೆ ನಿನ್ನ ಮನೆ ಇನ್ನೂ ಮನೆಯಲ್ಲ, ಕರೆದರೆ ಬರಲು ಹೆಸರೂ ಗೊತ್ತಿಲ್ಲ. ಹೆದರಿದ ನಾಯಿ ಹಿಂದಕ್ಕೆ ಜಗ್ಗಿದರೆ ಸಾಮಾನ್ಯ ಬೆಲ್ಟು ತಲೆಯಿಂದ ಜಾರಿ ಹೋಗುತ್ತದೆ. ಹಾಗಾಗಿ ಕುತ್ತಿಗೆಗೊಂದು ಬೆಲ್ಟು, ಎದೆಗೊಂದು ಹಾರ್ನೆಸ್ (ಎದೆ ಸುತ್ತಿ ಬರುವ ಪಟ್ಟಿ), ಎರಡಕ್ಕೂ ಬೇರೆ ಬೇರೆ ಹಗ್ಗ. ಬೆಲ್ಟಿನ ಅಡಿಯಲ್ಲಿ 2 ಬೆರಳು ಹಿಡಿಸಬೇಕು, ಅದಕ್ಕಿಂತ ಸಡಿಲ ಬೇಡ. ಹಾರ್ನೆಸ್ಸಿಗೆ ಎದೆಯ ಮುಂದೆ ಹಗ್ಗ ಸಿಕ್ಕಿಸುವ ಬಳೆ ಇರುವಂಥದ್ದೇ ತಗೋ. ಎಳೆದಾಗ ನಾಯಿ ನಿನ್ನ ಕಡೆಗೇ ತಿರುಗುತ್ತದೆ, ಎಳೆಯುವ ಬಲ ಕಡಿಮೆಯಾಗುತ್ತದೆ. ನಿನ್ನ ಕೆಂಪುಕಲ್ಲಿನ ಕಂಪೌಂಡು 4 ಅಡಿ ಇದ್ದರೆ ಅದನ್ನು ನಂಬಬೇಡ, ಚುರುಕಿನ ನಾಯಿಗೆ ಅದು ಏನೂ ಅಲ್ಲ. ಗೇಟಿನ ಕೆಳಗಿನ ಸಂದಿಗೆ ಹಲಗೆ ಕಟ್ಟು, ಬಾವಿಕಟ್ಟೆ ಗಿಡ್ಡವಾಗಿದ್ದರೆ ಮೇಲೆ ಬಲೆ ಹಾಕಿಸು. ರಾತ್ರಿ ಅಂಗಳದಲ್ಲಿ ಕಟ್ಟಿಹಾಕುವುದು ಬೇಡವೇ ಬೇಡ. ನಮ್ಮ ಕಡೆ ಚಿರತೆ ಮೊದಲು ಹುಡುಕುವುದು ಕಟ್ಟಿದ ನಾಯಿಯನ್ನೇ.

ಮೊದಲ ಎರಡು ವಾರ ಅದಕ್ಕೆ ಎಲ್ಲವನ್ನೂ ಕಡಿಮೆ ಕೊಡು. ನೆಂಟರಿಗೆ ತೋರಿಸುವುದು, ಸ್ನಾನ ಮಾಡಿಸುವುದು, ಮಕ್ಕಳೆಲ್ಲ ಅಪ್ಪಿಕೊಳ್ಳುವುದು, ಯಾವುದೂ ಬೇಡ. ಜೋರಿನ ನಾಯಿಯನ್ನು ಓಡಿಸಿ ಓಡಿಸಿ ಸುಸ್ತು ಮಾಡಿದರೆ ಸರಿಹೋಗುತ್ತದೆ ಎಂದು ಹಲವರು ತಿಳಿದಿದ್ದಾರೆ. ದಿನಾ ಒಂದು ಗಂಟೆ ಚೆಂಡು ಎಸೆದರೆ ತಿಂಗಳಲ್ಲಿ ನಿನಗೆ ಸಿಗುವುದು ಎರಡು ಗಂಟೆ ಓಡಬಲ್ಲ ನಾಯಿ, ಅಷ್ಟೆ. ಅದರ ಮೂಗಿಗೆ ಕೆಲಸ ಕೊಡು. ಊಟದ ಒಂದು ಪಾಲನ್ನು ತಟ್ಟೆಗೆ ಹಾಕದೆ ಅಂಗಳದ ಹುಲ್ಲಿನಲ್ಲಿ ಬೀರು, ಇಲ್ಲವೇ ಹಳೆ ಬೈರಾಸಿನಲ್ಲಿ ಸುತ್ತಿ ಕೊಡು. ಹುಡುಕಿ ತಿನ್ನಲು 15 ನಿಮಿಷ ಹಿಡಿದರೆ ಆಮೇಲೆ ತಾನಾಗಿ ಹೋಗಿ ಮಲಗುತ್ತದೆ. ಮೈಮೇಲೆ ಹಾರಿದರೆ ಗದರಬೇಡ, ಕೈಯಿಂದ ದೂಡಲೂ ಬೇಡ, ಅದಕ್ಕೆ ಎರಡೂ ಆಟವೇ. ಮುಖ ತಿರುಗಿಸಿ ನಿಲ್ಲು. ನಾಲ್ಕೂ ಕಾಲು ನೆಲಕ್ಕೆ ತಾಗಿದ ಕ್ಷಣ ಕಡಲೆಕಾಳಿನಷ್ಟು ಬೇಯಿಸಿದ ಕೋಳಿ. ಮನೆಯವರೆಲ್ಲ ಹೀಗೇ ಮಾಡಬೇಕು. ಒಬ್ಬರು ‘ಪಾಪ’ ಎಂದು ಹಾರಲು ಬಿಟ್ಟರೆ ಉಳಿದವರ ಶ್ರಮ ನೀರಿಗೆ.

ಬಾಯಲ್ಲಿ ಏನಾದರೂ ಕಚ್ಚಿಕೊಂಡು ಗುರ್ ಎಂದರೆ ಕಿತ್ತುಕೊಳ್ಳಬೇಡ, ಅದಕ್ಕಿಂತ ಒಳ್ಳೆಯದನ್ನು ತೋರಿಸಿ ಬದಲಾಯಿಸು. ಗುರುಗುಟ್ಟಿದ್ದಕ್ಕೆ ಹೊಡೆದರೆ ಮುಂದಿನ ಸಲ ಗುರುಗುಟ್ಟದೆಯೇ ಕಚ್ಚುತ್ತದೆ.

ಈಗ ನನಗೆ ಅತಿ ಚಿಂತೆಯ ವಿಷಯ: ಉಣುಗು. ನಾಯಿಯ ಕೆಂಪು ಉಣುಗಿನಿಂದ ಬರುವ ಟಿಕ್ ಜ್ವರ ಕರಾವಳಿಯಲ್ಲಿ ವರ್ಷವಿಡೀ ಉಂಟು. ಅದರಲ್ಲೊಂದು, ಎರ್ಲಿಕಿಯಾ ಎಂಬ ರೋಗಾಣುವಿನ ಜ್ವರ, ಉಣುಗು ಕಚ್ಚಿದ 8ರಿಂದ 20 ದಿನಕ್ಕೆ ಕಾಣಿಸುತ್ತದೆ. ಅಂದರೆ ಶೆಲ್ಟರಿನಲ್ಲಿ ಕಚ್ಚಿದ್ದರೆ ಜ್ವರ ಬರುವುದು ನಿನ್ನ ಮನೆಯಲ್ಲಿ. ಜೋರಿನ ನಾಯಿ ಎರಡನೇ ವಾರದಲ್ಲಿ ಒಮ್ಮೆಲೇ ಸಾಧುವಾದರೆ ‘ಮನೆಗೆ ಹೊಂದಿಕೊಂಡಿತು’ ಎಂದು ಸಮಾಧಾನಪಡಬೇಡ. ವಸಡು ನೋಡು, ಬಿಳಿಚಿದೆಯಾ? ಊಟ ಬಿಟ್ಟಿದೆಯಾ, ಮೂಗಿನಲ್ಲಿ ರಕ್ತ ಕಾಣಿಸಿತಾ? ಆ ದಿನವೇ ರಕ್ತ ಪರೀಕ್ಷೆ ಮಾಡಿಸಿ ಪ್ಲೇಟ್‌ಲೆಟ್ ಎಣಿಕೆ ನೋಡಿಸಬೇಕು. ಡಾಕ್ಟರು ಸಾಮಾನ್ಯವಾಗಿ ಡಾಕ್ಸಿಸೈಕ್ಲಿನ್ ಎಂಬ ಆಂಟಿಬಯೋಟಿಕ್ 28 ದಿನ ಕೊಡುತ್ತಾರೆ. ಐದಾರು ದಿನಕ್ಕೆ ನಾಯಿ ಕುಣಿಯಲು ಶುರು ಮಾಡಿತೆಂದು ನಡುವೆ ನಿಲ್ಲಿಸಿದರೆ ರೋಗ ಒಳಗೇ ಉಳಿದು ಮತ್ತೆ ಏಳುತ್ತದೆ. ಜ್ವರವೆಂದು ಮನೆಯಲ್ಲಿರುವ ಪ್ಯಾರಾಸಿಟಮಾಲ್, ಐಬುಪ್ರೊಫೆನ್ ಕೊಡಬೇಡ, ಅವು ನಾಯಿಗೆ ವಿಷವಾಗಬಹುದು. ಉಣುಗು ಬಾರದ ಮಾತ್ರೆ ತೂಕಕ್ಕೆ ತಕ್ಕಂತೆ ಸಿಗುತ್ತದೆ, ಕೆಲವು 1 ತಿಂಗಳಿಗೆ, ಕೆಲವು 3 ತಿಂಗಳಿಗೆ. ಆದರೂ ಸಂಜೆ ಸಂಜೆ ಬೆರಳ ಸಂದು, ಕಿವಿಯ ಒಳಗೆ, ಬೆಲ್ಟಿನ ಅಡಿ ನೋಡುತ್ತಿರು. ಸಿಕ್ಕಿದ್ದನ್ನು ಚಿಮಟದಿಂದ ಚರ್ಮಕ್ಕೆ ತಾಗಿಸಿ ಹಿಡಿದು ನೇರ ಮೇಲಕ್ಕೆ ಎಳೆ, ಸೀಮೆಎಣ್ಣೆ ಹಾಕಬೇಡ.

ಊಟಕ್ಕೆ ಶೆಲ್ಟರಿನಲ್ಲಿ ಕೊಡುತ್ತಿದ್ದದ್ದನ್ನೇ ಮೊದಲ ಮೂರು ದಿನ ಕೊಡು, ಆಮೇಲೆ ಒಂದು ವಾರದಲ್ಲಿ ಸ್ವಲ್ಪ ಸ್ವಲ್ಪವಾಗಿ ಬದಲಾಯಿಸು. ಇಲ್ಲದಿದ್ದರೆ ಭೇದಿ ಖಂಡಿತ. 18 ಕೆಜಿಯ ನಾಯಿಗೆ ಒಣ ಆಹಾರವಾದರೆ ದಿನಕ್ಕೆ 250ರಿಂದ 300 ಗ್ರಾಂ, ಎರಡು ಹೊತ್ತಿಗೆ ಹಂಚಿ. ಬರೀ ಕುಚ್ಚಲಕ್ಕಿ ಗಂಜಿಯಲ್ಲಿ ಹೊಟ್ಟೆ ತುಂಬುತ್ತದೆ, ಮೈ ಹಿಡಿಯುವುದಿಲ್ಲ. ಮೊಟ್ಟೆ, ಮುಳ್ಳು ತೆಗೆದು ಬೇಯಿಸಿದ ಬಂಗುಡೆ ಸೇರಿಸು. ನೀರುಳ್ಳಿ, ಬೆಳ್ಳುಳ್ಳಿ ಬಿದ್ದ ಸಾರು ಬೇಡ, ಅವು ರಕ್ತದ ಕೆಂಪುಕಣ ಒಡೆಯುತ್ತವೆ. ಒಣಮೀನಿನಲ್ಲಿ ಉಪ್ಪು ವಿಪರೀತ. ಬೆಂದ ಕೋಳಿ ಎಲುಬು ಸೀಳಿ ಕರುಳಿಗೆ ಚುಚ್ಚುತ್ತದೆ.

ತೋಟಕ್ಕೆ ಮೈಲುತುತ್ತು ಹೊಡೆಸುವ ದಿನ ನಾಯಿಯನ್ನು ಒಳಗಿಡು, ಡ್ರಮ್ಮಿನಲ್ಲಿ ಉಳಿದ ನೀರನ್ನು ಮುಚ್ಚಿಡು. ಕಡಲಿಗೆ ಕರೆದುಕೊಂಡು ಹೋದರೆ ಬಲೆಯವರು ಬಿಸಾಡಿದ, ಹೊಟ್ಟೆ ಉಬ್ಬಿಸಿಕೊಳ್ಳುವ ಜಾತಿಯ ಮೀನನ್ನು (ಪಫರ್ ಫಿಶ್) ಮುಟ್ಟಲು ಬಿಡಬೇಡ. ಅದರ ವಿಷಕ್ಕೆ ಮದ್ದಿಲ್ಲ.

ಕೊನೆಯದು, ದಿನ. ದೀಪಾವಳಿಗೆ ಇನ್ನು ಎರಡೇ ವಾರ ಉಳಿದಿದ್ದರೆ ಹಬ್ಬ ಕಳೆದ ಮೇಲೆಯೇ ತಾ. ಪಕ್ಕದಲ್ಲಿ ಭೂತಕೋಲ ಇದ್ದರೂ ಕೇಳಿ ತಿಳಿದುಕೋ. ಒಂದು ಗರ್ನಲ್ ಪಟಾಕಿಯ ಸದ್ದಿಗೆ ಹೊಸ ನಾಯಿ ಗೇಟು ಹಾರಿ ಎಲ್ಲಿಗೋ ಹೋಗಿಬಿಡುತ್ತದೆ. ತರುವ ದಿನ ಹೊರಡುವ ಮೊದಲಿನ 4 ತಾಸು ಊಟ ಕೊಡಬೇಡಿ ಎಂದು ಅಲ್ಲಿ ಹೇಳಿಡು, ಕಾರಿನಲ್ಲಿ ವಾಂತಿ ಕಡಿಮೆ. ಹಿಂದಿನ ಸೀಟಿನಲ್ಲಿ ಅದರ ಪಕ್ಕ ಒಬ್ಬರು ಕೂರಲಿ. ಕಾರಿನ ಬಾಗಿಲು ತೆಗೆಯುವ ಮೊದಲು ಎರಡೂ ಹಗ್ಗ ಅವರ ಕೈಯಲ್ಲಿರಬೇಕು, ಗೇಟು ಹಾಕಿರಬೇಕು.

ಹೆಸರು ಏನು ಇಟ್ಟೆ ಎಂದು ಬರೆ.

ನಿನ್ನ,
ದಿನೇಶ