ಶನಿವಾರದ ಕರೆ: ಹದಿಹರೆಯದ ಮಕ್ಕಳು, ಅಪ್ಪ ಅಮ್ಮ

ಎಲ್ಲರಿಗೂ ನಮಸ್ಕಾರ.

ಈ ಶನಿವಾರ ಸಂಜೆ 6ರಿಂದ 7ರವರೆಗೆ ನಮ್ಮ ಗುಂಪಿನ ವಿಡಿಯೋ ಕರೆ ಇದೆ. 13ರಿಂದ 19 ವರ್ಷದ ಮಕ್ಕಳಿರುವ ಅಪ್ಪ ಅಮ್ಮ, ಸಾಧ್ಯವಾದರೆ ಇಬ್ಬರೂ ಬನ್ನಿ.

ಇಲ್ಲಿ ಜಾಸ್ತಿ ಬಂದ ದೂರು ಒಂದೇ: ರಾತ್ರಿ ಮಲಗಲ್ಲ, ಬೆಳಿಗ್ಗೆ ಏಳಲ್ಲ. ಇದು ಬರೀ ಸೋಮಾರಿತನ ಅಲ್ಲ. ಈ ವಯಸ್ಸಿನಲ್ಲಿ ನಿದ್ದೆಗೆ ಸಿದ್ಧ ಮಾಡುವ ಮೆಲಟೋನಿನ್ ಎಂಬ ಹಾರ್ಮೋನ್ ರಾತ್ರಿ ತಡವಾಗಿ ಏರುತ್ತದೆ. ಆದರೂ ಅವರಿಗೆ 8ರಿಂದ 10 ಗಂಟೆ ನಿದ್ದೆ ಬೇಕು. ಸಿಟ್ಟನ್ನು ಹಿಡಿದಿಡುವ, ಮುಂದಿನದನ್ನು ಯೋಚಿಸುವ ಮೆದುಳಿನ ಮುಂಭಾಗವೂ ಪೂರ್ತಿ ಬಲಿಯುವುದು ಸುಮಾರು 25ರ ಹೊತ್ತಿಗೆ. ಹಾಗಂತ ಎಲ್ಲಕ್ಕೂ ಸುಮ್ಮನಿರಬೇಕು ಅಂತಲ್ಲ. ನಿಯಮ ಬೇಕೇ ಬೇಕು, ಆದರೆ ಅದನ್ನು ಅವರ ಜೊತೆ ಕೂತು ಮಾಡಬೇಕು ಅಲ್ವಾ?

ಮೊನ್ನೆ ನನ್ನ ಮಗಳು ಧಡಾರ್ ಅಂತ ಬಾಗಿಲು ಹಾಕಿಕೊಂಡಳು. ನಾನು ಬೈಯಲಿಲ್ಲ. ಅರ್ಧ ಗಂಟೆ ಬಿಟ್ಟು ಹೋಗಿ ಪಕ್ಕದಲ್ಲಿ ಸುಮ್ನೆ ಕೂತೆ. ಹತ್ತು ನಿಮಿಷ ಮಾತಿಲ್ಲ. ಆಮೇಲೆ ಅವಳೇ ಶುರು ಮಾಡಿದಳು. ಗೆಳತಿ ಮಾತು ಬಿಟ್ಟಿದ್ದಳಂತೆ.

ಬರುವ ಮುಂಚೆ ಒಂದು ಕೆಲಸ: ಮಗು ಸಿಟ್ಟಾದ ಒಂದು ಸಂದರ್ಭ, ಆಗ ನೀವು ಆಡಿದ ಮಾತು, ಎರಡನ್ನೂ ಬರೆದಿಟ್ಟುಕೊಳ್ಳಿ. ಮಕ್ಕಳ ಫೋಟೋ, ಅವರ ಮೆಸೇಜಿನ ಸ್ಕ್ರೀನ್‌ಶಾಟ್ ದಯವಿಟ್ಟು ಇಲ್ಲಿ ಹಾಕಬೇಡಿ. ಅವರಿಗೆ ಗೊತ್ತಾದರೆ ನಂಬಿಕೆಯೇ ಹೋಗುತ್ತದೆ.

ಮಗು ಎರಡು ವಾರದಿಂದ ಮಂಕಾಗಿದ್ದರೆ ವೈದ್ಯರಿಗೆ ತೋರಿಸಿ. ಸಾಯುವ ಮಾತಾಡಿದರೆ ಒಂದು ದಿನವೂ ಕಾಯಬೇಡಿ, ಒಂಟಿಯಾಗಿ ಬಿಡಬೇಡಿ.

ಬರುವವರು ಶುಕ್ರವಾರ ರಾತ್ರಿಯೊಳಗೆ ‘ಬರ್ತೀನಿ’ ಅಂತ ಹಾಕಿ. ಲಿಂಕ್ ಶನಿವಾರ ಬೆಳಿಗ್ಗೆ ಕಳಿಸುತ್ತೇನೆ.